ಚೆಲ್ಲಿದ ಮೊದಲ ಅಳತೆ

ನನ್ನ ಚಿಕ್ಕಮ್ಮ ಲಿಫ್ಟಿನಲ್ಲಿ ಹೋಗುವಾಗ ಯಾರೊಡನೆಯೂ ಮಾತಾಡುವುದಿಲ್ಲ. ಬಾಗಿಲನ್ನೇ ನೋಡುತ್ತಿರುತ್ತಾಳೆ. ಬಾಗಿಲು ಮುಚ್ಚಲು ಹೊರಟಾಗ ಅವಳ ಹೆಬ್ಬೆರಳು ತೋರುಬೆರಳನ್ನು ಒಮ್ಮೆ ತಟ್ಟುತ್ತದೆ, ಮುಚ್ಚಿ ಆದ ಮೇಲೆ ಇನ್ನೊಮ್ಮೆ. ಇವಳ ಆಯುಷ್ಯವೆಲ್ಲ ಆ ಎರಡು ತಟ್ಟುಗಳ ನಡುವೆಯೇ ಕಳೆಯುತ್ತದೆ ಎಂದು ಚಿಕ್ಕಪ್ಪ ತಮಾಷೆ ಮಾಡುತ್ತಿದ್ದರು. ಈಗ ಮಾಡುವುದಿಲ್ಲ.

ಶಾಲೆ ಬಿಟ್ಟ ಮೇಲೆ ನಾನು ಅವರ ಮನೆಯಲ್ಲೇ ಇದ್ದೇನೆ. ಇಲ್ಲಿ ಬರೆದದ್ದರಲ್ಲಿ ಕಣ್ಣಾರೆ ಕಂಡದ್ದೂ ಇದೆ, ಚಿಕ್ಕಮ್ಮನನ್ನು ಕೇಳಿ ತಿಳಿದದ್ದೂ ಇದೆ. ಬರೆಯಲು ಅವಳೇ ಒಪ್ಪಿದಳು. "ನನ್ನ ಪರವಾಗಿ ಬರೀಬೇಡ" ಎಂದಳು, ಅಷ್ಟೇ.

ಚಿಕ್ಕಮ್ಮನಿಗೆ ಲಿಫ್ಟು ತಯಾರಿಸುವ ಕಂಪನಿಯಲ್ಲಿ ಕೆಲಸ. ಲಿಫ್ಟಿನ ಬಾಗಿಲ ಮೇಲ್ಗಡೆ ತಗಡಿನ ಪೆಟ್ಟಿಗೆಯೊಂದಿರುತ್ತದೆ. ಅದರೊಳಗೆ ಅಂಗೈಯಗಲದ ಒಂದು ಬೋರ್ಡು, ಬೋರ್ಡಿನ ಮೇಲೆ ಉಗುರಿನಷ್ಟು ದೊಡ್ಡ ಕಂಪ್ಯೂಟರು. ದೊಡ್ಡ ಸಂಸಾರದ ಒಬ್ಬಳೇ ಸೊಸೆಯ ಹಾಗೆ ಅದರ ಪಾಡು. ಮೋಟಾರು ತಿರುಗಿಸಬೇಕು, ಮಹಡಿಯ ಅಂಕಿ ತೋರಿಸಬೇಕು, ಗಂಟೆ ಬಾರಿಸಬೇಕು, ಬಾಗಿಲಿಗೆ ಏನಾದರೂ ಅಡ್ಡ ಬಂದಿದೆಯೇ ಎಂದು ಸದಾ ಕಣ್ಣಿಟ್ಟಿರಬೇಕು. ಒಂದೊಂದು ಕೆಲಸಕ್ಕೂ ಒಂದು ಗಡುವು. ಮಹಡಿಯ ಅಂಕಿ ಕೊಂಚ ತಡವಾಗಿ ಮೂಡಿದರೆ ಯಾರಿಗೂ ನಷ್ಟವಿಲ್ಲ. ಅಡ್ಡ ಬಂದ ಕೈಯನ್ನು ಕಂಡು ಮೋಟಾರಿಗೆ ನಿಲ್ಲು ಎಂದು ಹೇಳುವುದು ತಡವಾದರೆ, ಹೇಳಿದ್ದು ಸರಿಯಾಗಿದ್ದೂ ಪ್ರಯೋಜನವಿಲ್ಲ. ಸಾಫ್ಟ್‌ವೇರು ಈ ಕೆಲಸಗಳನ್ನು ಗಡುವಿನೊಳಗೆ ಮುಗಿಸುತ್ತದೆಯೇ ಎಂದು ಅಳೆಯುವವಳು ನನ್ನ ಚಿಕ್ಕಮ್ಮ.

ಅಳೆಯುವುದು ಹೇಗೆ ಎಂದು ಒಮ್ಮೆ ಕೇಳಿದ್ದೆ. ಕೆಲಸ ಶುರುವಾದ ಕೂಡಲೇ ಬೋರ್ಡಿನ ಒಂದು ಪಿನ್ನಿಗೆ ಕರೆಂಟು ಬರುವಂತೆಯೂ ಮುಗಿದ ಕೂಡಲೇ ಹೋಗುವಂತೆಯೂ ಸಾಫ್ಟ್‌ವೇರಿನಲ್ಲಿ ಎರಡು ಸಾಲು ಸೇರಿಸುತ್ತಾರೆ. ಆ ಪಿನ್ನಿಗೆ ತಂತಿ ಸಿಕ್ಕಿಸಿದರೆ ಅಳೆಯುವ ಯಂತ್ರದ ತೆರೆಯ ಮೇಲೆ ಗೆರೆ ಏಳುತ್ತದೆ, ಸ್ವಲ್ಪ ದೂರ ನೇರ ಹೋಗಿ ಬೀಳುತ್ತದೆ. ಎದ್ದಲ್ಲಿಂದ ಬಿದ್ದಲ್ಲಿಯವರೆಗಿನ ಅಗಲವೇ ಆ ಕೆಲಸ ಹಿಡಿದ ಸಮಯ. ಹೀಗೆ ಹಗಲೂ ರಾತ್ರಿ ಬಾಗಿಲನ್ನು ತೆರೆದು ಮುಚ್ಚಿಸಿ, ಬಂದ ಅಗಲಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹುಡುಕಬೇಕು.

"ಸರಾಸರಿ ತೆಗೆದ್ರೆ ಆಗಲ್ವಾ?" ಎಂದು ಕೇಳಿದ್ದಕ್ಕೆ ಅವಳು ನಕ್ಕಿದ್ದಳು.

"ಮನೆ ಬಾಗಿಲಿಗೆ ಚಿಲಕ ಹಾಕೋದು ಯಾವಾಗ ಹೇಳು. ಕೊನೇಲಿ ಬರೋನು ಬಂದ ಮೇಲೆ. ಬೇಗ ಬಂದೋರ ಲೆಕ್ಕ ಹಿಡಿದು ಚಿಲಕ ಹಾಕಿದ್ರೆ ಒಬ್ಬ ಬೀದೀಲೇ ನಿಲ್ತಾನೆ."

ಅಡುಗೆಮನೆಯಲ್ಲೂ ಅವಳದು ಇದೇ ಲೆಕ್ಕ. ಚಿಕ್ಕಪ್ಪ ಸ್ನಾನಕ್ಕೆ ಅತಿ ಹೆಚ್ಚೆಂದರೆ ಎಷ್ಟು ಹೊತ್ತು ತೆಗೆದುಕೊಂಡಿದ್ದರು ಎಂಬುದನ್ನು ನೆನಪಿಟ್ಟುಕೊಂಡು ಮದುವೆಮನೆಗೆ ಹೊರಡುವ ವೇಳೆ ಹೇಳುತ್ತಿದ್ದಳು. "ನನ್ನ ಒಳ್ಳೇ ದಿನಗಳನ್ನ ಇವಳು ಲೆಕ್ಕಕ್ಕೇ ತಗೊಳ್ಳಲ್ಲ ನೋಡು" ಎಂದು ಚಿಕ್ಕಪ್ಪ ನನ್ನ ಹತ್ತಿರ ದೂರುತ್ತಿದ್ದರು. ಅವರದು ಅಚ್ಚುಕೂಟದ ಕೆಲಸ. ನಾವು ಹೊರಟ ಮದುವೆಗಳಿಗೆಲ್ಲ ನಾವೇ ಮೊದಲು ಹೋಗಿ ಖಾಲಿ ಕುರ್ಚಿಗಳ ನಡುವೆ ಕೂತಿರುತ್ತಿದ್ದೆವು.

ಇಷ್ಟು ಕಟ್ಟುನಿಟ್ಟಿನ ಹೆಂಗಸು ಒಂದು ಕಡೆ ಮಾತ್ರ ಕಣ್ಣು ಮುಚ್ಚಿದ್ದಳು. ಅವಳು ಅಳೆಯುವ ಕೋಣೆಯಲ್ಲಿ ಒಂದು ರೂಢಿಯಿತ್ತು. ಬೋರ್ಡಿಗೆ ಕರೆಂಟು ಕೊಟ್ಟ ಮೇಲೆ ಬರುವ ಮೊದಲ ಅಳತೆಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮೊದಲ ಸಲ ಬೋರ್ಡು ತನಗೆ ಬೇಕಾದ ಸಂಗತಿಗಳನ್ನು ಒಳಗಿನ ನಿಧಾನದ ನೆನಪಿನಿಂದ ತೆಗೆದು ಹತ್ತಿರದಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲಗಳಲ್ಲಿ ಎಲ್ಲವೂ ಕೈಗೆಟುಕುವಲ್ಲೇ ಇರುತ್ತದೆ. ಹಾಗಾಗಿ ಮೊದಲ ಅಳತೆ ಯಾವಾಗಲೂ ಉದ್ದ. ಅದು ಬೋರ್ಡಿನ ನಿದ್ದೆಗಣ್ಣು, ಅದರ ಮೇಲಿಂದ ಗುಣ ಅಳೆಯಬಾರದು ಎಂದು ಎಲ್ಲರೂ ನಂಬಿದ್ದರು. "ನಲ್ಲಿಯ ಮೊದಲ ನೀರು ಚೆಲ್ಲಿ ಆಮೇಲೆ ಬಿಂದಿಗೆ ಇಡಿ" ಎಂದು ಕೋಣೆಯ ಮುಖ್ಯಸ್ಥರು ಚಿಕ್ಕಮ್ಮನಿಗೆ ಹೇಳಿಕೊಟ್ಟಿದ್ದರು. ಚಿಕ್ಕಮ್ಮ ಹೊಸಬರಿಗೆ ಅದನ್ನೇ ಹೇಳಿಕೊಟ್ಟಳು. ಯಾವ ಪುಸ್ತಕದಲ್ಲೂ ಇಲ್ಲದ, ಬಾಯಿಂದ ಬಾಯಿಗೆ ಬಂದ ಮಾತು ಅದು.

ನಾವಿರುವುದು ನಾಲ್ಕು ಮಹಡಿಯ ಹಳೆಯ ಕಟ್ಟಡ. ಮೊದಲು ಅದಕ್ಕೆ ಲಿಫ್ಟ್ ಇರಲಿಲ್ಲ. ಹಾಕಿಸುವ ಮಾತು ಬಂದಾಗ ಚಿಕ್ಕಮ್ಮ ತನ್ನ ಕಂಪನಿಯದನ್ನೇ ಹಾಕಿಸಿದಳು. ಅಂದಿನಿಂದ ಕಟ್ಟಡದವರು ಅವಳನ್ನು ಬಾಗಿಲ ಡಾಕ್ಟ್ರು ಎಂದು ಕರೆಯತೊಡಗಿದರು. ಯಾರಾದರೂ ಹಾಗೆ ಕರೆದರೆ ಅವಳು ಬೇಡ ಎನ್ನುತ್ತಿರಲಿಲ್ಲ.

ಲಿಫ್ಟಿನಿಂದ ಎಲ್ಲರಿಗಿಂತ ಹೆಚ್ಚು ಅನುಕೂಲವಾದದ್ದು ನಾಲ್ಕನೇ ಮಹಡಿಯ ಟೈಲರಮ್ಮನಿಗೆ. ಅವರು ಚಿಕ್ಕಮ್ಮನಿಗಿಂತ ಹತ್ತು ವರ್ಷ ದೊಡ್ಡವರು, ಒಂಟಿ ಹೆಂಗಸು. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಗೋಡೆಗೆ ಉದ್ದದ ಕನ್ನಡಿ, ಮೂಲೆಯಲ್ಲಿ ಬಣ್ಣ ಬಣ್ಣದ ಚಿಂದಿಯ ಗುಡ್ಡೆ. ಮೆಟ್ಟಿಲು ಹತ್ತಲಾರದ ವಯಸ್ಸಾದ ಹೆಂಗಸರು, ಬಸುರಿಯರು, ಕೂಸು ಎತ್ತಿಕೊಂಡವರು ಲಿಫ್ಟು ಬಂದ ಮೇಲೆ ಅವರಲ್ಲಿಗೆ ಬರತೊಡಗಿದರು. ಚಿಕ್ಕಮ್ಮನನ್ನು ಅವರು ತಂಗಿ ಎಂದೇ ಕರೆಯುತ್ತಿದ್ದರು. "ತಂಗಿ, ನಿನ್ನ ಬಾಗಿಲು ನನ್ನ ಅಂಗಡಿಗೆ ಬಾಗಿಲಾಯ್ತು ಕಣೇ" ಎಂದು ಹೇಳಿ, ಅವಳ ರವಿಕೆಯ ತೋಳನ್ನು ಎಷ್ಟು ಸಲ ಬಿಚ್ಚಿ ಹೊಲಿಯಬೇಕಾದರೂ ಬೇಸರ ಮಾಡುತ್ತಿರಲಿಲ್ಲ.

ಒಂದು ದಿನ ಬಿಸಿಲಿಳಿಯುವ ಹೊತ್ತಿಗೆ ಟೈಲರಮ್ಮ ಕೆಳಗಿನಿಂದ ಬಟ್ಟೆಯ ಗಂಟು ತೆಗೆದುಕೊಂಡು ಲಿಫ್ಟಿಗೆ ಹತ್ತಿದ್ದರು. ಬಾಗಿಲು ಮುಚ್ಚುತ್ತಿರುವಾಗ ಕೂಸನ್ನು ಎತ್ತಿಕೊಂಡ ಒಬ್ಬ ಹೆಂಗಸು ಓಡಿಬಂದಳು. ಎಲ್ಲರೂ ಮಾಡುವಂತೆ ಟೈಲರಮ್ಮ ಬಾಗಿಲಿಗೆ ಕೈ ಅಡ್ಡ ಇಟ್ಟರು. ಬಾಗಿಲು ನಿಲ್ಲಲಿಲ್ಲ. ಅವರ ಬಲಗೈಯ ಎರಡು ಬೆರಳು ಸಿಕ್ಕಿ ಮುರಿದವು. ಆಮೇಲೆ ಬಾಗಿಲು, ಏನೂ ಆಗದ ಹಾಗೆ, ತೆರೆದುಕೊಂಡಿತು.

ಮರುದಿನ ಸಂಜೆ ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಕಟ್ಟಡದವರ ಸಭೆ ಸೇರಿತು. ಸಂಘದ ಕಾರ್ಯದರ್ಶಿ ನಿವೃತ್ತರು, ಉಳಿತಾಯದಲ್ಲಿ ಎತ್ತಿದ ಕೈ, ಎಲ್ಲಿ ದೀಪ ಉರಿದರೂ ಹೋಗಿ ಆರಿಸಿ ಬರುವವರು. ಲಿಫ್ಟು ಹೊರಗಿನವರಿಂದಲೇ ಹಾಳಾಗುತ್ತಿದೆ ಎಂಬುದು ಅವರ ಹಳೆಯ ಆಕ್ಷೇಪ. ಟೈಲರಮ್ಮ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

"ಬಾಗಿಲು ಸರಿ ಇಲ್ಲ ಅಂತಾರೆ ಇವರು" ಎಂದರು ಕಾರ್ಯದರ್ಶಿ. "ಡಾಕ್ಟ್ರೇ, ನೀವೇ ಹೇಳಿ."

ಚಿಕ್ಕಮ್ಮ ಎದ್ದು ನಿಂತಳು. ಆಗ ಅವಳಿಗೆ ತನ್ನ ಕೆಲಸದ ಮೇಲೆ ಯಾರೋ ಕೆಸರು ಎರಚಿದಂತೆ ಆಗಿತ್ತಂತೆ. "ಬಾಗಿಲು ಅಡ್ಡ ಬಂದದ್ದನ್ನ ನೋಡಿ ನಿಲ್ಲೋಕೆ ಎಷ್ಟು ಹೊತ್ತು ಬೇಕು ಅಂತ ನಾನೇ ಅಳೆದಿದ್ದೀನಿ. ಒಂದಲ್ಲ ಎರಡಲ್ಲ, ಲಕ್ಷ ಸಲ. ಒಂದು ಸಲಾನೂ ತಡ ಆಗಿಲ್ಲ. ಅಕ್ಕ ಕೈ ಇಟ್ಟಿದ್ದು ತೀರಾ ಕೊನೇ ಗಳಿಗೇಲಿ ಇರಬೇಕು."

ಟೈಲರಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡರು. "ಹಾಗಾದ್ರೆ ನನ್ನ ಬೆರಳಿಗೇ ಅವಸರ ಇತ್ತು ಬಿಡಿ" ಎಂದರು.

ಜನ ನಕ್ಕರು. ಚಿಕ್ಕಮ್ಮನೂ ನಕ್ಕಳು. ಅವಳ ಪಕ್ಕದಲ್ಲೇ ನಿಂತಿದ್ದ ನನಗೆ ಆ ನಗು ಕೇಳಿಸಿತು. ಅದು ಕೆಟ್ಟ ನಗುವೇನೂ ಆಗಿರಲಿಲ್ಲ. ಎಲ್ಲರೂ ನಗುವಾಗ ನಾವು ನಗುತ್ತೇವಲ್ಲ, ಅಂಥದ್ದು.

ಟೈಲರಮ್ಮನ ಗಿರಾಕಿಗಳು ಇನ್ನು ಲಿಫ್ಟು ಹತ್ತಕೂಡದು, ಮೆಟ್ಟಿಲು ಹತ್ತಿ ಹೋಗಬೇಕು ಎಂದು ಸಭೆ ತೀರ್ಮಾನಿಸಿತು. ಕಾರ್ಯದರ್ಶಿ ಲಿಫ್ಟಿನ ಪಕ್ಕ ಫಲಕ ತೂಗುಹಾಕಿದರು. ಮೆಟ್ಟಿಲು ಹತ್ತಲಾರದವರು ಬರುವುದನ್ನು ಬಿಟ್ಟರು. ಬೆರಳು ಮುರಿದ ಟೈಲರಮ್ಮನಿಗೆ ಕತ್ತರಿ ಹಿಡಿಯಲು ಹೇಗೂ ಆಗುತ್ತಿರಲಿಲ್ಲ. ಆದರೆ ಬೆರಳು ಕೂಡಿಕೊಳ್ಳುವ ಹೊತ್ತಿಗೆ ಗಿರಾಕಿಗಳು ಬೇರೆ ಅಂಗಡಿ ಹಿಡಿದಿರುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಮೆಟ್ಟಿಲಲ್ಲಿ ಎದುರಾದಾಗ ಅವರು ಚಿಕ್ಕಮ್ಮನಿಗೆ ದಾರಿ ಬಿಟ್ಟು, "ಹೋಗಿ ಮೇಡಂ" ಎಂದರು. ತಂಗಿ ಎಂಬ ಮಾತು ಅಲ್ಲಿಗೆ ಮುಗಿಯಿತು.

ಕೆಲವು ವಾರ ಕಳೆದ ಮೇಲೆ ಒಂದು ದಿನ ಚಿಕ್ಕಮ್ಮ ಕೆಲಸದಿಂದ ಬೇಗ ಬಂದಳು. ನಾನು ತರಕಾರಿ ಚೀಲ ಹಿಡಿದು ಕೆಳಗೇ ನಿಂತಿದ್ದೆ. ಲಿಫ್ಟಿನ ಗುಂಡಿ ಒತ್ತಿದರೆ ದೀಪ ಹತ್ತಲಿಲ್ಲ. ಅಷ್ಟರಲ್ಲಿ ಕಾರ್ಯದರ್ಶಿ ಬೀಗದಕೈ ತಿರುಗಿಸುತ್ತ ಬಂದು ಗೋಡೆಯ ಪೆಟ್ಟಿಗೆ ತೆರೆದು ಸ್ವಿಚ್ಚನ್ನು ಮೇಲೆತ್ತಿದರು.

"ಮಧ್ಯಾಹ್ನ ಊಟ ಆದ ಮೇಲೆ ಆರಿಸಿಬಿಡ್ತೀನಿ, ಬಿಸಿಲಿಳಿದ ಮೇಲೆ ಹಾಕ್ತೀನಿ. ಆ ಹೊತ್ತಲ್ಲಿ ಓಡಾಡೋರಾದ್ರೂ ಯಾರು? ಲಿಫ್ಟು ಬಂದ ತಿಂಗಳಿಂದ ಹೀಗೇ ಮಾಡ್ತಿರೋದು. ಯಾರಿಗೂ ಗೊತ್ತೇ ಇಲ್ಲ" ಎಂದು ಹೆಮ್ಮೆಯಿಂದ ಹೇಳಿದರು.

ನಾವು ಒಳಗೆ ಹೋದೆವು. ಚಿಕ್ಕಮ್ಮನಿಗೆ ಒಂದು ಚಟ. ಯಾವ ಲಿಫ್ಟು ಹತ್ತಿದರೂ ಒಮ್ಮೆ ಬಾಗಿಲಿಗೆ ಏನಾದರೂ ಅಡ್ಡ ಹಿಡಿದು ನೋಡುತ್ತಾಳೆ. ಅಂದು ಕೈಯಲ್ಲಿದ್ದ ಕೊಡೆಯನ್ನು ಹಿಡಿದಳು. ಬಾಗಿಲು ಬಂದು ಕೊಡೆಯನ್ನು ಕಚ್ಚಿತು. ಒಳಗಿನ ಕಡ್ಡಿ ಲಟಕ್ಕೆಂದು ಬಾಗಿತು. ಆಮೇಲೆ ಬಾಗಿಲು ತೆರೆದುಕೊಂಡಿತು. ಚಿಕ್ಕಮ್ಮ ಇನ್ನೊಮ್ಮೆ ಹಿಡಿದಳು. ಈ ಸಲ ಬಾಗಿಲು ಕೊಡೆಯ ಹತ್ತಿರವೂ ಬರದೆ ನಿಂತಿತು.

ಅವಳು ಬಾಗಿಲಿನಿಂದ ತಲೆ ಹೊರಗೆ ಹಾಕಿದಳು. "ಸಾರ್, ಒಂದ್ಸಲ ಆರಿಸಿ ಹಾಕ್ತೀರಾ?" ಎಂದು ಕೇಳಿದಳು.

ಕಾರ್ಯದರ್ಶಿ ಆರಿಸಿ ಹಾಕಿದರು. ಮೊದಲ ಸಲ ಬಾಗಿಲು ಕಚ್ಚಿತು, ಎರಡನೇ ಸಲ ನಿಂತಿತು. ಮತ್ತೊಮ್ಮೆ ಆರಿಸಿ ಹಾಕಿದರು. ಮತ್ತೆ ಹಾಗೇ.

"ಅಯ್ಯೋ, ಕೊಡೆ ಹಾಳಾಯ್ತಲ್ಲ ಮೇಡಂ" ಎಂದರು ಅವರು. ಅವರಿಗೆ ಕಂಡದ್ದು ಅಷ್ಟೇ.

ಚಿಕ್ಕಮ್ಮನಿಗೆ ಎಲ್ಲವೂ ಕಂಡಿತು. ದಿನಾ ಮಧ್ಯಾಹ್ನ ಈ ಬೋರ್ಡು ಮಲಗಿ ಏಳುತ್ತದೆ. ಎದ್ದ ಮೇಲೆ ಮೊದಲು ಅಡ್ಡ ಬಂದ ಕೈಗೆ ಸಿಗುವುದು ಆ ಮೊದಲ ಅಳತೆ, ಅವಳು ದಿನಾ ಚೆಲ್ಲುತ್ತಿದ್ದ ಅಳತೆ. ಲಕ್ಷ ಸಲ ಅಳೆದೆ ಎಂದು ಸಭೆಯಲ್ಲಿ ಹೇಳಿದ್ದು ನಿಜ. ಟೈಲರಮ್ಮನ ಬೆರಳಿಗೆ ಸಂಬಂಧಪಟ್ಟ ಅಳತೆ ಆ ಲಕ್ಷದೊಳಗೆ ಇರಲೇ ಇಲ್ಲ.

"ಇನ್ಮೇಲೆ ಆರಿಸಬೇಡಿ ಸಾರ್. ಮೋಟಾರಿಗೆ ಒಳ್ಳೇದಲ್ಲ" ಎಂದಷ್ಟೇ ಹೇಳಿ ಅವಳು ಮೆಟ್ಟಿಲು ಹತ್ತಿದಳು. ನಾನು ಚೀಲ ಹಿಡಿದು ಹಿಂದೆ ಹೋದೆ. ಮೋಟಾರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ.

ಅದಾದ ಮೇಲಿನ ದಿನಗಳಲ್ಲಿ ಅವಳು ಲಿಫ್ಟು ಹತ್ತಲಿಲ್ಲ. ಮೆಟ್ಟಿಲಲ್ಲಿ ಮೇಲಿನಿಂದ ಚಪ್ಪಲಿ ಸದ್ದು ಕೇಳಿದರೆ ಒಂದು ಮಹಡಿ ಕೆಳಗಿಳಿದು, ಟೈಲರಮ್ಮ ದಾಟಿ ಹೋಗುವವರೆಗೆ ನೀರಿನ ಮೀಟರುಗಳ ಹಿಂದೆ ನಿಲ್ಲುತ್ತಿದ್ದಳು. ಒಮ್ಮೆ ಅಲ್ಲಿ ನಿಂತಿದ್ದನ್ನು ನಾನು ಕಂಡೆ. ಮೀಟರು ನೋಡುವಂತೆ ನಟಿಸಿದಳು. ಅವಳಷ್ಟು ದೊಡ್ಡವಳು ನನ್ನೆದುರು ಹಾಗೆ ನಟಿಸಿದ್ದು ನೋಡಿ ನನಗೇ ತಲೆ ತಗ್ಗಿಸುವಂತಾಯಿತು.

ಕೆಲಸದಲ್ಲಿ ಮಾತ್ರ ಅವಳು ಮುಚ್ಚಿಡಲಿಲ್ಲ. ಚೆಲ್ಲುವ ಅಳತೆಗಳನ್ನೇ ಬೇರೆ ತೆಗೆದಿಟ್ಟು ಮುಖ್ಯಸ್ಥರ ಮುಂದೆ ಇಟ್ಟಳು. ಎಲ್ಲವೂ ಗಡುವು ದಾಟಿದ್ದವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದು ನಾನೇ ಕಲಿಸಿದ್ದಲ್ವಾ" ಎಂದರಂತೆ. ಬೋರ್ಡು ಎದ್ದ ಕೂಡಲೇ, ಬಾಗಿಲು ಅಲುಗಾಡುವ ಮೊದಲೇ, ಬೇಕಾದುದನ್ನೆಲ್ಲ ಹತ್ತಿರ ತಂದಿಟ್ಟುಕೊಳ್ಳುವಂತೆ ಸಾಫ್ಟ್‌ವೇರು ತಿದ್ದುವುದೆಂದು ತೀರ್ಮಾನವಾಯಿತು. ಲಿಫ್ಟು ಹಾಕಿದ ಕಡೆಗೆಲ್ಲ, ಹೊಸ ಸಾಫ್ಟ್‌ವೇರು ಹಾಕುವವರೆಗೆ ಕರೆಂಟು ಆರಿಸಬೇಡಿ ಎಂದು ತಿಳಿಸಿದರು. ಕಾರಣ ಹೇಳಲಿಲ್ಲ.

"ನಿಮ್ಮ ಕಟ್ಟಡಕ್ಕೂ ಹಾಕಿಬಿಡೋಣ. ಸಭೆಗಿಭೆ ಅಂತ ಹೋಗಬೇಡಿ. ಸರಿ ಆಯ್ತಲ್ಲ, ಇನ್ನೇನು" ಎಂದರು ಮುಖ್ಯಸ್ಥರು.

ಆ ರಾತ್ರಿ ಊಟಕ್ಕೆ ಕೂತಾಗ ಚಿಕ್ಕಮ್ಮ ಮೊದಲ ಬಾರಿಗೆ ನಮಗೆ ಎಲ್ಲವನ್ನೂ ಹೇಳಿದಳು. ಚಿಕ್ಕಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ಬಾಗಿಲು ಸರಿ ಹೋಗುತ್ತೆ. ಸರಿ. ಆ ಫಲಕ?" ಎಂದರು.

"ಕಾರ್ಯದರ್ಶಿಗೆ ಹೇಳಿ ತೆಗೆಸ್ತೀನಿ. ಏನಾದ್ರೂ ಕಾರಣ ಹೇಳಿ."

"ಏನಾದ್ರೂ ಅಂದ್ರೆ? ಮೋಟಾರಿಗೆ ಒಳ್ಳೇದಲ್ಲ ಅಂತಾನಾ?"

ಚಿಕ್ಕಮ್ಮ ಎದ್ದು ಕೈ ತೊಳೆಯಲು ಹೋದಳು. ನಲ್ಲಿ ತುಂಬಾ ಹೊತ್ತು ಸುರಿಯುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ನಾಲ್ಕನೇ ಮಹಡಿಗೆ ಹೋದಳು, ನನ್ನನ್ನೂ ಕರೆದುಕೊಂಡಳು. ಒಬ್ಬಳೇ ಹೋಗಲು ಅವಳಿಗೆ ಆಗಲಿಲ್ಲ ಎಂದು ಕಾಣುತ್ತದೆ. ಟೈಲರಮ್ಮ ಎಡಗೈಯಿಂದ ಗುಂಡಿ ಹೊಲಿಯಲು ಹೆಣಗುತ್ತಿದ್ದರು. ಒಂದು ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಕೂತುಕೊಳ್ಳಿ ಎನ್ನಲಿಲ್ಲ.

ಚಿಕ್ಕಮ್ಮ ನಿಂತೇ ಹೇಳಿದಳು. ಬೋರ್ಡು, ನಿದ್ದೆಗಣ್ಣು, ಮೊದಲ ನೀರು, ಎಲ್ಲವನ್ನೂ. ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣದಾಯಿತು. "ತಪ್ಪು ನಿಮ್ಮದಲ್ಲ ಅಕ್ಕ. ನನ್ನದು."

ಟೈಲರಮ್ಮ ದಾರವನ್ನು ಹಲ್ಲಿನಿಂದ ಕಡಿದರು. "ನನ್ನ ತಪ್ಪಲ್ಲ ಅಂತ ನನಗೇ ಹೇಳೋಕೆ ನಾಲ್ಕನೇ ಮಹಡಿಗೆ ಹತ್ತಿ ಬಂದ್ರಾ? ಅದು ನನ್ನ ಬೆರಳಿಗೆ ಅವತ್ತೇ ಗೊತ್ತಿತ್ತು."

ಅವರು ಹೊಲಿಯುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟರು.

"ನಕ್ಕಿದ್ದು ಎಲ್ಲಿ ಮೇಡಂ? ಕೆಳಗೆ. ಹೇಳೋದಿದ್ರೆ ಅಲ್ಲಿ ಹೇಳಿ."

ಚಿಕ್ಕಮ್ಮ ಕೇಳಿಕೊಂಡಂತೆ ಭಾನುವಾರ ಸಭೆ ಸೇರಿತು. ಅದೇ ಜಾಗ, ಅದೇ ಜನ, ಟೈಲರಮ್ಮ ಅದೇ ಮೆಟ್ಟಿಲ ಮೇಲೆ. ಚಿಕ್ಕಮ್ಮ ಬಾಗಿದ ಕೊಡೆ ಹಿಡಿದು ನಿಂತಳು. ಅವಳು ಹೇಳಿದ್ದು ಅರ್ಧ ಜನರಿಗೆ ತಿಳಿಯಲಿಲ್ಲ. ಕಾರ್ಯದರ್ಶಿಗೆ ಕಸಿವಿಸಿಯಾಯಿತು. ಅವಳ ಮರ್ಯಾದೆ ಉಳಿಸಲೆಂದೋ ತಮ್ಮದನ್ನು ಉಳಿಸಿಕೊಳ್ಳಲೆಂದೋ ನಡುವೆ ಬಾಯಿ ಹಾಕಿದರು.

"ಯಂತ್ರ ಅಂದ್ಮೇಲೆ ಒಂದೊಂದ್ಸಲ ಆಗುತ್ತೆ ಬಿಡಿ ಡಾಕ್ಟ್ರೇ. ನಾನೂ ಕರೆಂಟು ಆರಿಸಬಾರದಿತ್ತು."

"ನೀವು ಆರಿಸಿದ್ದು ತಪ್ಪಲ್ಲ ಸಾರ್. ಕರೆಂಟು ಎಲ್ಲಾ ಮನೇಲೂ ಹೋಗಿ ಬರುತ್ತೆ. ಅದನ್ನ ತಿಳ್ಕೊಂಡು ಅಳೀಬೇಕಾದವಳು ನಾನು. ಅಳೀಲಿಲ್ಲ. ಅಳೆಯದೇನೇ ಇವರದು ತಪ್ಪು ಅಂತ ಇಲ್ಲೇ ನಿಂತು ಹೇಳಿದೆ. ಆಮೇಲೆ ನಕ್ಕೆ."

ಹಿಂದಿನ ಸಾಲಿನಿಂದ ಒಬ್ಬರು, "ಹಾಗಾದ್ರೆ ಡಾಕ್ಟ್ರಿಗೇ ಕಾಯಿಲೆ ಅನ್ನಿ" ಎಂದರು. ಕೆಲವರು ನಕ್ಕರು. ಚಿಕ್ಕಮ್ಮ ಆ ನಗು ಮುಗಿಯುವವರೆಗೆ ತಲೆ ತಗ್ಗಿಸಿ ಕಾದಳು. ಟೈಲರಮ್ಮ ನಗಲಿಲ್ಲ. ಕಾರ್ಯದರ್ಶಿ ಹೋಗಿ ಫಲಕವನ್ನು ತಾವೇ ಬಿಚ್ಚಿ ತಂದರು. ಬಿಚ್ಚಿದ ಮೇಲೆ ಎಲ್ಲಿ ಇಡುವುದೆಂದು ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡು ನಿಂತರು.

ಮುಂದಿನ ವಾರ ಬೋರ್ಡಿಗೆ ಹೊಸ ಸಾಫ್ಟ್‌ವೇರು ಹಾಕಿದರು. ಹಾಕಿದ ಮೇಲೆ ಪರೀಕ್ಷಿಸಬೇಕು. ಅದಕ್ಕೆ ಕೈಯಷ್ಟು ದಪ್ಪದ ಮರದ ತುಂಡೊಂದು ಇರುತ್ತದೆ. ಚಿಕ್ಕಮ್ಮ ಸ್ವಿಚ್ಚು ಆರಿಸಿ ಹಾಕಿದಳು. ಆದರೆ ಮರದ ತುಂಡನ್ನು ಕೆಳಗಿಟ್ಟು, ತನ್ನ ಬಲಗೈಯನ್ನೇ ಬಾಗಿಲ ಕಡೆಗೆ ಚಾಚಿದಳು. ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ ಟೈಲರಮ್ಮ ಕೇಳಿದರು.

"ಅದೇನು ಮಾಡ್ತಿದ್ದೀರಿ?"

"ಏನೂ ಆಗಲ್ಲ ಅಕ್ಕ. ಮೊದಲನೇದನ್ನೂ ಸೇರಿಸಿ ಅಳೆದು ಬಂದಿದ್ದೀನಿ."

"ಅವತ್ತೂ ಅಳೆದೇ ಬಂದಿದ್ರಿ."

ಚಿಕ್ಕಮ್ಮನ ಕೈ ಹಾಗೇ ನಿಂತಿತು. ಆಮೇಲೆ ಹಿಂದಕ್ಕೆ ಬಂತು. ಅವಳು ಬಗ್ಗಿ ಮರದ ತುಂಡನ್ನು ಎತ್ತಿಕೊಂಡಳು. ನಾಚಿಕೆಯನ್ನು ಕೈ ಕೊಟ್ಟು ತೀರಿಸಲು ಹೊರಟಿದ್ದೆ, ಅದಕ್ಕೂ ಅವರು ಬಿಡಲಿಲ್ಲ ಎಂದು ನನಗೆ ಆಮೇಲೆ ಹೇಳಿದಳು.

ಬಾಗಿಲು ಮರದ ತುಂಡನ್ನು ಮುಟ್ಟದೆ ನಿಂತಿತು. ಮತ್ತೆ ಆರಿಸಿ ಹಾಕಿದಳು. ನಿಂತಿತು. "ಎಷ್ಟು ಸಲ ಮಾಡಲಿ ಅಕ್ಕ?" ಎಂದು ಕೇಳಿದಳು.

"ನನಗೇನು ಗೊತ್ತು? ಅಳೆಯೋರು ನೀವು."

ಚಿಕ್ಕಮ್ಮ ಆರಿಸಿದಳು, ಹಾಕಿದಳು, ತುಂಡು ಹಿಡಿದಳು. ಪ್ರತಿ ಸಲವೂ ಮೊದಲ ಸಲ. ಟೈಲರಮ್ಮ ಮಡಿಲಲ್ಲಿ ಯಾರದೋ ಅಂಗಿ ಇಟ್ಟುಕೊಂಡು ಗುಂಡಿ ಹೊಲಿಯುತ್ತಾ ಆಗಾಗ ತಲೆಯೆತ್ತಿ ನೋಡುತ್ತಿದ್ದರು. ಕೆಲಸದಿಂದ ಮರಳಿದವರು ಏನೂ ಕೇಳದೆ ಮೆಟ್ಟಿಲು ಹತ್ತಿ ಹೋದರು. ಬೀದಿ ದೀಪಗಳು ಹತ್ತುವ ಹೊತ್ತಿಗೆ ಟೈಲರಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದರು. ಸಾಕು ಎನ್ನಲಿಲ್ಲ. ಲಿಫ್ಟಿನೊಳಗೆ ಹೋಗಿ ನಿಂತು, "ಬನ್ನಿ ಮೇಡಂ. ಮೇಲೆ ಹೋಗೋಣ" ಎಂದರು.

ನಾವು ಮೂವರೂ ಒಳಗೆ ನಿಂತೆವು. ಬಾಗಿಲು ಮುಚ್ಚತೊಡಗಿತು. ಚಿಕ್ಕಮ್ಮ ಅಂದು ಬಾಗಿಲನ್ನು ನೋಡಲಿಲ್ಲ, ಬೆರಳನ್ನೂ ತಟ್ಟಲಿಲ್ಲ. ಟೈಲರಮ್ಮನ ಬಲಗೈಯನ್ನು ನೋಡುತ್ತಿದ್ದಳು. ಅವರು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಾಗಿಲಿನಿಂದ ಆದಷ್ಟು ದೂರಕ್ಕೆ ಸರಿದು, ಗೋಡೆಗೆ ಒರಗಿ ನಿಂತಿದ್ದರು.

ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿ ಬಂದರು, ಎಲ್ಲರೂ ಅಲ್ಲ. ಹೊದಿಸಿದ್ದ ಯಂತ್ರದ ಬಟ್ಟೆ ತೆಗೆದಾಗಿದೆ. ಟೈಲರಮ್ಮ ಈಗಲೂ ಲಿಫ್ಟಿನಲ್ಲಿ ಹಾಗೆಯೇ ನಿಲ್ಲುತ್ತಾರೆ.